ಎತ್ತುವುದಕ್ಕೂ ತರಬೇತಿಯೇ?

ಮಾನ್ಯ ಅಧ್ಯಕ್ಷರೇ, ಯಾದಗಿರಿಯಿಂದ ದಯಮಾಡಿಸಿರುವ ತರಬೇತುದಾರರಾದ ಮೆಹನಾಜ ಮೇಡಂ ಅವರೇ, ಸುರಪುರದ ಶಾಲಾ ಸಿಬ್ಬಂದಿಯವರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಕುಳಿತೇ ಮಾತಾಡುತ್ತೇನೆ, ಕ್ಷಮೆಯಿರಲಿ. ನಿವೃತ್ತ ಡ್ರಿಲ್ ಮಾಸ್ತರ ಪರಮಣ್ಣನಿಗೆ ಈ ಊರಿನಲ್ಲಿ ಪರಿಚಯ ಬೇಕಿಲ್ಲ. ಸಮಾರೋಪಕ್ಕೆ ನನ್ನನ್ನು ಅತಿಥಿಯಾಗಿ ಕರೆದಿರಿ, ಸಂತೋಷ. ಆದರೆ ಇದು ಯಾವುದರ ತರಬೇತಿ? ಭಾರ ಎತ್ತುವುದರದಂತೆ. ಉಸಿರಾಡುವುದಕ್ಕೆ ಶಿಬಿರ ಯಾವಾಗ ಮೇಡಂ?

ಬಂದಾಗಿನಿಂದ ನೋಡುತ್ತಿದ್ದೇನೆ. ಮೇಡಂ ಖಾಲಿ ರಟ್ಟಿನ ಡಬ್ಬ ಎತ್ತಿದರು, ನೀವು ಚಪ್ಪಾಳೆ ತಟ್ಟಿದಿರಿ. ಮೊಣಕಾಲು ಮಡಚಬೇಕಂತೆ, ಬೆನ್ನು ನೆಟ್ಟಗಿರಬೇಕಂತೆ, ಭಾರವನ್ನು ಎದೆಗೆ ಅವುಚಿಕೊಳ್ಳಬೇಕಂತೆ. ಅದು ಅಕ್ಕಿ ಚೀಲವೋ, ಮೊಮ್ಮಗನೋ? ನಾನು ಬಿಸಿಯೂಟದ ಚೀಲವನ್ನು ಒಂದೇ ಹೆಗಲಿಗೆ ಎಸೆದುಕೊಂಡು ನಡೆಯುತ್ತಿದ್ದೆ. ನನಗೆ ಯಾರು ಕಲಿಸಿದ್ದರು?

ಇನ್ನೊಂದು ಮಾತು ಕೇಳಿ ಮೈ ಉರಿಯಿತು. "ಭಾರ ಜಾಸ್ತಿ ಇದ್ರ ಇನ್ನೊಬ್ಬರನ್ನ ಕರೀರಿ, ನಾಚಬ್ಯಾಡ್ರಿ." ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎನ್ನುವ ಗಾದೆ ಸುಮ್ಮನೆ ಹುಟ್ಟಿತೇ ಮೇಡಂ? ಮನೆಯ ಭಾರಕ್ಕೆ ಮಂದಿಯನ್ನು ಕರೆಯುವುದೇ?

ನಮ್ಮ ಮನೆಯವರು, ಮಲ್ಲಾಬಾಯಿ ಟೀಚರು, ನಿಮ್ಮ ನಡುವೆಯೇ ಇದ್ದಾರೆ. ನನಗೆ ಲಕ್ವ ಹೊಡೆದು ಬಲಗಾಲು ಸೋತ ಮೇಲೆ ಅವರು ಯಾರನ್ನಾದರೂ ಕರೆದರೇ? ಮಂಚದಿಂದ ಎಬ್ಬಿಸುವುದು, ಬಚ್ಚಲಿಗೆ ಒಯ್ಯುವುದು, ಎಲ್ಲವನ್ನೂ ಒಬ್ಬರೇ ಮಾಡುತ್ತಾರೆ. ಪಕ್ಕದ ಮನೆಯ ಆಟೋ ರಾಮಲಿಂಗ ಗಟ್ಟಿ ಆಳು. "ಕಾಕಾ, ನಾ ಕೈ ಹಚ್ಚಲೇನ್ರಿ?" ಎಂದು ಬಂದರೆ ನಾನೇ ಬೈದು ಕಳಿಸಿದ್ದೇನೆ. ಡ್ರಿಲ್ ಮಾಸ್ತರನನ್ನು ಮಂದಿ ಹೊತ್ತು ಬಚ್ಚಲಿಗೆ ಒಯ್ದರು ಎಂದು ಊರೆಲ್ಲ ಆಡಿಕೊಳ್ಳಬೇಕೇ?

ಇವತ್ತು ಮುಂಜಾನೆ ನನ್ನನ್ನು ಎತ್ತುವಾಗ ಅವರ ನಡ ಹಿಡಿಯಿತು. ಹಿಡಿದರೇನಾಯಿತು? ಇಬ್ಬರೂ ಸ್ವಲ್ಪ ಹೊತ್ತು ಬಚ್ಚಲ ನೆಲದ ಮೇಲೆ ಕುಳಿತಿದ್ದೆವು, ಅಷ್ಟೇ. "ರಾಮಲಿಂಗನ್ನ ಕರೀಲೇನ್ರಿ?" ಎಂದರು. "ಬಾಯಿ ಮುಚ್ಚು" ಎಂದೆ. ಗೋಡೆ ಹಿಡಿದು ತಾವೂ ಎದ್ದರು, ನನ್ನನ್ನೂ ಎಬ್ಬಿಸಿದರು. ಅಳಲಿಲ್ಲ. ಅತ್ತರೋ ಏನೋ, ಹಿಂದಿನಿಂದ ಎತ್ತುತ್ತಿದ್ದರಲ್ಲ, ಮುಖ ನನಗೆ ಕಾಣಲಿಲ್ಲ.

ಅಗೋ, ನೀವೆಲ್ಲ ಕುಳಿತಿದ್ದೀರಿ, ಅವರೊಬ್ಬರು ಗೋಡೆಗೆ ಒರಗಿ ನಿಂತಿದ್ದಾರೆ. ಕೂಡಲು ಆಗುತ್ತಿಲ್ಲವೆಂದು ಕಾಣುತ್ತದೆ. ನಾನು ಈಗಷ್ಟೇ ಗಮನಿಸಿದೆ. ಮೇಡಂ, ನೀವು ಹೇಳಿದ್ದೆಲ್ಲ ಅವರಿಗೆ ಮೊದಲೇ ತಿಳಿದಿತ್ತು. ತಿಳಿಯಬೇಕಾದವರು ಬೇರೆಯವರಿದ್ದರು.

ಇರಲಿ, ಮಾತು ಎಲ್ಲಿಗೋ ಹೋಯಿತು. ಕರೆದವರಿಗೂ ಕೇಳಿದವರಿಗೂ ವಂದನೆಗಳು. ನಾನೀಗ ವೇದಿಕೆಯಿಂದ ಇಳಿಯಬೇಕು. ಬ್ಯಾಡ, ಮಲ್ಲಾಬಾಯಿ, ನೀ ಬರಬ್ಯಾಡ, ಅಲ್ಲೇ ನಿಲ್ಲು. ಹೊರಗೆ ಆಟೋದಲ್ಲಿ ರಾಮಲಿಂಗ ಕುಳಿತಿದ್ದಾನೆ, ಯಾರಾದರೂ ಅವನನ್ನು ಒಳಗೆ ಕರೆಯಿರಿ. ಎಲ್ಲರೂ ನೋಡಲಿ. ನಮಸ್ಕಾರ.