ತಾರ್ನಾ ಹಡಗಿನ ಮಾತಿನ ಕೊಳವೆ

ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ಓಣಿಯ ಕೆಲೆಮೆನ್‌ಗೆ ಆದದ್ದು, ಅವನ ಬಾಯಿಂದಲೇ ಕೇಳಿದ್ದು.

ಆ ವರ್ಷ ಚಳಿ ಬೇಗ ಬಂದಿತ್ತು. ನವೆಂಬರ್ ಮುಗಿಯುವ ಮೊದಲೇ ಡ್ಯಾನ್ಯೂಬ್ ಮೇಲೆ ಮಂಜುಗಡ್ಡೆಯ ಚೂರುಗಳು ತೇಲಿ ಬರುತ್ತಿದ್ದವು. ಒಂದು ರಾತ್ರಿ ಹೆಂಡದಂಗಡಿ ಮುಚ್ಚಿದ ಮೇಲೆ ಕೆಲೆಮೆನ್ ಮನೆಯ ಕಡೆ ನಡೆದ. ಓಣಿಯ ತಿರುವಿನಲ್ಲಿ ಹಿಪ್ಪುನೇರಳೆ ಮರ, ಅದರ ಕೆಳಗೆ ಬಾವಿ. ಗಾಳಿಗೆ ರಾಟೆಯ ಸರಪಳಿ ಅಲ್ಲಾಡುತ್ತಿತ್ತು. ಕಿರ್ರ್... ಸ್ವಲ್ಪ ಹೊತ್ತು ಸುಮ್ಮನೆ... ಮತ್ತೆ ಕಿರ್ರ್.

ಬಾವಿ ದಾಟಿದರೆ ಅವನ ಮನೆ. ಕಿಟಕಿಯಲ್ಲಿ ಬೆಳಕಿಲ್ಲ. ಇರುವುದಾದರೂ ಹೇಗೆ? ಹೆಂಡತಿ ಹೆಡ್ವಿಗ್ ವಸಂತದಲ್ಲೇ ತೀರಿಕೊಂಡಿದ್ದಳು. ಕೆಲೆಮೆನ್ ಬೇಲಿಯ ಬಾಗಿಲಿನ ಚಿಲಕದ ಮೇಲೆ ಕೈ ಇಟ್ಟ. ಚಿಲಕ ಕೈಗೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಇಟ್ಟ ಕೈ ಹಾಗೇ ಇತ್ತು. ಚಿಲಕ ತೆಗೆಯಲಿಲ್ಲ.

"ಯಾರದು?" ಎದುರುಮನೆಯ ಬಾತುಕೋಳಿ ಗೂಡಿನ ಹತ್ತಿರದಿಂದ ಪಿಸುದನಿ ಬಂತು.

"ನಾನು ಕಣೆ, ಓರ್ಶೊಲ್ಯಾ."

"ಓಹೋ! ಕೀಲಿ ಜೇಬಲ್ಲಿಟ್ಕೊಂಡು ಬಾಗಿಲು ಕಾಯ್ತಾ ನಿಂತಿದೀಯಲ್ಲ ಅಣ್ಣಾ, ನಾಯಿ ಕೆಲ್ಸಕ್ಕೆ ಸೇರ್ಕೊಂಡ್ಯಾ?"

"ಹಡಗಿಗೆ ಹೋಗ್ತೀನಿ. ಪಂಪು ನೋಡ್ಬೇಕು."

"ಆ ಪಂಪೇನು ನಿನ್ನ ಹೆಂಡ್ತಿನಾ?"

ಹೇಳಿದ ಮೇಲೆ ಓರ್ಶೊಲ್ಯಾ ನಾಲಿಗೆ ಕಚ್ಚಿಕೊಂಡಳು. ಅವನು ತಿರುಗಿ ನಡೆಯತೊಡಗಿದಾಗ ಬೇಲಿಯವರೆಗೆ ಓಡಿ ಬಂದಳು. "ಬೇಜಾರ್ ಮಾಡ್ಕೋಬೇಡ. ನಿನ್ನ ಕೋಳಿಗಳಿಗೆ ಕಾಳು ಹಾಕೋದು ನಂಗೆ ಕಷ್ಟ ಅಲ್ಲ. ಆದ್ರೆ ದೀಪ ಇಲ್ದಿರೋ ಮನೆ ಎದುರಿಗೆ ದಿನಾ ಮಲಗ್ಬೇಕಲ್ಲ... ಅದು ಕಷ್ಟ."

ಅವನು ಬಾವಿ ದಾಟಿ, ದಂಡೆ ಇಳಿದು, ಚಳಿಗಾಲದಲ್ಲಿ ಹಡಗುಗಳು ತಂಗುವ ರೇವಿಗೆ ಹೋದ.

ಅಲ್ಲಿ ತಾರ್ನಾ ನಿಂತಿತ್ತು. ಈಗ ಅದು ನದಿಯ ತಳದಿಂದ ಜಲ್ಲಿ ಎತ್ತುವ ಹಡಗು. ಬೇಸಿಗೆಯೆಲ್ಲ ಅದರ ಬಕೆಟ್ ಸರಪಳಿಯ ಗಲಾಟೆ ಊರಿಗೇ ಕೇಳಿಸುತ್ತಿತ್ತು. ಹಿಂದೆ ಅದು ಚಕ್ರವರ್ತಿಯ ಯುದ್ಧನೌಕೆ. ಪೂರಾ ಹಬೆಯಿಂದ ಓಡುತ್ತಿದ್ದದ್ದು, ಹಾಯಿಯೇ ಇರಲಿಲ್ಲ. ದಪ್ಪ ಓಕ್ ಹಲಗೆಗಳ ಮೇಲೆ ಕಬ್ಬಿಣದ ಕವಚ. ಮೇಲೆ ಒಂದೇ ಒಂದು ದುಂಡನೆಯ ಫಿರಂಗಿ ಗೋಪುರ. ಅದನ್ನು ಒಳಗಿನಿಂದ ಮನುಷ್ಯರೇ ಹಿಡಿಕೆ ತಿರುವಿ ಸುತ್ತಿಸಬೇಕಿತ್ತು. ಬೋಸ್ನಿಯಾ ಯುದ್ಧಕ್ಕೆ ಸಾವಾ ನದಿಯಲ್ಲಿ ಹೋಗಿ ಬಂದಿತ್ತು. ಆಮೇಲೆ ಚಕ್ರವರ್ತಿಯೂ ಹೋದ, ಫಿರಂಗಿಗಳೂ ಹೋದವು. ಗೋಪುರವನ್ನು ಕಳಚಿ ಮಾರಿದರು. ಕವಚ ಕತ್ತರಿಸುವ ಕೂಲಿಗೆ ಹೊಸ ದೋಣಿಯೇ ಬರುತ್ತದೆಂದು ಲೆಕ್ಕ ಹಾಕಿ ಅದನ್ನು ಮಾತ್ರ ಹಾಗೇ ಬಿಟ್ಟರು. ಜಲ್ಲಿ ಎತ್ತಲು ಅಲುಗಾಡದ ಭಾರದ ಹಡಗೇ ಬೇಕಲ್ಲ.

ಕೆಲೆಮೆನ್ ಅದರ ಎಂಜಿನ್ ನೋಡಿಕೊಳ್ಳುವವನು. ಚಳಿಗಾಲದಲ್ಲಿ ಒಬ್ಬ ಕಾವಲಿಗೆ ಇರಬೇಕು, ಒಳಗೆ ಜಿನುಗುವ ನೀರನ್ನು ಪಂಪಿನಿಂದ ಹೊರಹಾಕಬೇಕು. ಮದುವೆಯಾದವರು ಆ ಕೆಲಸವೆಂದರೆ ಮುಖ ತಿರುಗಿಸುತ್ತಿದ್ದರು. ಆ ಸಲ ಕೆಲೆಮೆನ್ ತಾನಾಗಿ ಕೇಳಿ ತೆಗೆದುಕೊಂಡ. ಎಂಜಿನ್ ಕೋಣೆಯ ಮೂಲೆಯಲ್ಲಿ ಸಣ್ಣ ಒಲೆ, ಒಂದು ಹಾಸಿಗೆ. ಬ್ರೆಡ್ಡು, ಹಂದಿಕೊಬ್ಬು, ಈರುಳ್ಳಿ. ಮೇಲಿನ ಮುಚ್ಚಳ ಎಳೆದುಕೊಂಡರೆ ಮುಗಿಯಿತು. ಲೋಕದಲ್ಲಿ ಅವನಿಗೆ ಯಾರೂ ಇಲ್ಲ ಅನ್ನುವುದು ಅಲ್ಲಿ ತಿಳಿಯುತ್ತಿರಲಿಲ್ಲ. ಅಲ್ಲಿ ಯಾರಿಗೂ ಯಾರೂ ಇರಲಿಲ್ಲ.

ಸೀಟಿ ಮೊದಲ ಸಲ ಕೇಳಿಸಿದ್ದು ಆ ರಾತ್ರಿಯೇ.

ಒಲೆ ಆರುತ್ತಾ ಬಂದಿತ್ತು. ಹೊರಗೆ ಮಂಜುಗಡ್ಡೆ ಹಡಗಿನ ಮೈಗೆ ಉಜ್ಜುತ್ತಿತ್ತು... ಸ್‌ಸ್... ಸ್‌ಸ್... ಆಗ ತಲೆಯ ಹತ್ತಿರದಲ್ಲೇ, ಎಳೆದ ತೆಳು ಸೀಟಿ. ಕೆಟಲಿನಲ್ಲಿ ನೀರು ಕುದಿಯುವ ಮುನ್ನ ಬರುತ್ತದಲ್ಲ, ಅಂಥದು. ನಿಂತಿತು. ಮತ್ತೆ ಬಂತು.

ಅವನು ಎದ್ದು ಕೂತ. ಗೋಡೆಯ ಮೇಲೆ ಹಳೆಯ ಹಿತ್ತಾಳೆಯ ಮಾತಿನ ಕೊಳವೆ ಇತ್ತು. ಹಿಂದಿನ ಕಾಲದಲ್ಲಿ ಗೋಪುರದಲ್ಲಿದ್ದ ಅಧಿಕಾರಿ ಮೇಲಿನ ತುದಿಗೆ ಬಾಯಿಟ್ಟು ಊದುತ್ತಿದ್ದ, ಕೆಳಗಿನ ತುದಿಯ ಬಿರಡೆಯಲ್ಲಿ ಸೀಟಿಯಾಗುತ್ತಿತ್ತು. ಕೆಳಗಿನವನು ಬಿರಡೆ ತೆಗೆದು ಕಿವಿ ಇಡಬೇಕು. ಈಗ ಗೋಪುರವೇ ಇಲ್ಲ. ಕೊಳವೆಯನ್ನು ಛಾವಣಿಯ ಹತ್ತಿರವೇ ಕತ್ತರಿಸಿ, ತೂತಿಗೆ ಸೀಸ ಕರಗಿಸಿ ಹೊಯ್ದು ಮುಚ್ಚಿದ್ದರು. ಆ ಸೀಸದ ಗಡ್ಡೆ ದೀಪದ ಬೆಳಕಿನಲ್ಲಿ ಕಾಣಿಸುತ್ತಲೂ ಇತ್ತು.

ಸೀಟಿ ಮೂರನೆಯ ಸಲ ಬಂತು.

ಅವನು ಬಿರಡೆ ಕಿತ್ತ. ಕೊಳವೆಗೆ ಬಾಯಿಟ್ಟ. ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಹೆಡ್ವಿಗ್... ನೀನಾ?"

ಉತ್ತರವಿಲ್ಲ. ಬಿರಡೆ ಹಾಕಿದ. ಕೂಡಲೇ ಸೀಟಿ.

ಅಲ್ಲಿಂದ ಮುಂದೆ ಪ್ರತಿ ರಾತ್ರಿ ಇದೇ ನಡೆಯಿತು. ಅವನು ಕೇಳುವುದು: ಚಳಿಯಾಗ್ತಿದೆಯಾ? ನೋವು ಈಗ್ಲೂ ಇದೆಯಾ? ನನ್ನ ಮೇಲೆ ಸಿಟ್ಟಾ? ಕೊಳವೆ ಸುಮ್ಮನಿರುವುದು. ಬಿರಡೆ ಹಾಕಿದರೆ ಮತ್ತೆ ಸೀಟಿ. ಅವನ ಕೆನ್ನೆ ಇಳಿದುಹೋಯಿತು. ಹಗಲಲ್ಲೂ ಹಡಗಿನಿಂದ ಇಳಿಯುವುದು ನಿಂತಿತು. ಓರ್ಶೊಲ್ಯಾ ಒಂದು ಪಾತ್ರೆ ಮೀನುಸಾರು ತಂದು ದಡಕ್ಕೆ ಹಾಕಿದ್ದ ಹಲಗೆಯ ಮೇಲಿಟ್ಟು ಹೋದರೆ, ಅದು ಅಲ್ಲೇ ಹೆಪ್ಪುಗಟ್ಟುತ್ತಿತ್ತು.

ಒಂದು ರಾತ್ರಿ ಅವನು ಕೊಳವೆಯಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, ಅವಳೇ ಹೋಗಿ ಗಾಶ್ಪಾರ್ ಅಜ್ಜನಿಗೆ ಹೇಳಿದಳು. ಗಾಶ್ಪಾರ್ ರೇವಿನ ಮುದುಕ, ಬಲೆ ಹೊಲಿಯುವವನು. ಅವನ ಅಪ್ಪ ತಾರ್ನಾದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಅಜ್ಜ ಕೋಲೂರಿಕೊಂಡು ಬಂದ, ಏಣಿ ಇಳಿಯುವಷ್ಟೂ ಬೈದುಕೊಂಡ, ಒಲೆಯ ಮುಂದೆ ಕುಕ್ಕರಿಸಿದ.

"ಹೌದೇನೋ, ಕೊಳವೆ ಜೊತೆ ಸಂಸಾರ ಮಾಡ್ತಿದೀಯಂತೆ?"

"ಅವಳೇ ಅಜ್ಜ. ನಂಗೆ ಗೊತ್ತು."

"ಏನಂದ್ಲು?"

"...ಏನೂ ಅನ್ನಲಿಲ್ಲ."

"ನಿನ್ನ ಹೆಡ್ವಿಗ್ ಅಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ಳಾ? ಹಾಗಾದ್ರೆ ಅವಳಲ್ಲ ಬಿಡು." ಅಜ್ಜ ನಕ್ಕ. ನಗು ಹಾಗೇ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ದನಿ ತಗ್ಗಿಸಿದ. "ಕೊಳವೆಗೆ ಪ್ರಶ್ನೆ ಕೇಳ್ಬಾರ್ದು ಕಣೋ. ಮೇಲಿಂದ ಹೇಳಿದ್ದನ್ನ ಕೆಳಗಿರೋನು ಹಾಗ್ಹಾಗೇ ತಿರುಗಿ ಹೇಳ್ಬೇಕು. ಅಲ್ಲೀವರ್ಗೂ ಮೇಲಿರೋನು ಅಲ್ಲಿಂದ ಕದಲೋ ಹಾಗಿಲ್ಲ. ಅದು ಹಡಗಿನ ಪದ್ಧತಿ."

ಆಮೇಲೆ ಅಜ್ಜ ಅಪ್ಪನಿಂದ ಕೇಳಿದ್ದನ್ನು ಹೇಳಿದ. ಸಾವಾ ನದಿಯ ಒಂದು ತಿರುವಿನಲ್ಲಿ, ಯುದ್ಧದ ನಡುವೆ, ಕೆಳಗೆ ದೊಡ್ಡ ಹಬೆ ಕೊಳವೆ ಒಡೆಯಿತು. ಅಪ್ಪ ಆ ಹೊತ್ತು ಕಲ್ಲಿದ್ದಲು ತರಲು ದಡಕ್ಕೆ ಹೋಗಿದ್ದ, ಉಳಿದುಕೊಂಡ. ಗೋಪುರದಲ್ಲಿದ್ದವನು ಒಬ್ಬ ಎಳೆಯ ಅಧಿಕಾರಿ. ಮುಚ್ಚಳ ತೆಗೆಸಿದ. ಎಲ್ಲರೂ ಮೇಲೆ ಬನ್ನಿ ಎಂದು ಕೊಳವೆಯಲ್ಲಿ ಕೂಗಿದ. ಯಾರೂ ತಿರುಗಿ ಹೇಳಲಿಲ್ಲ. ಮತ್ತೆ ಊದಿದ, ಮತ್ತೆ ಕೂಗಿದ. ಕೆಳಗೆ ಬದುಕಿದವರು ಯಾರೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಾಯಿತು, ಅವನೊಬ್ಬನನ್ನು ಬಿಟ್ಟು. ಕೊನೆಗೆ ಅವನನ್ನು ಕೊಳವೆಯ ಹತ್ತಿರದಿಂದ ಹಿಡಿದು ಎಳೆಯಬೇಕಾಯಿತು. ಆ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ಜ್ವರ ಬಂದು ಸತ್ತ. ಸಾಯುವಾಗಲೂ ಕೇಳಿದ್ದು ಒಂದೇ... ಅವರು ತಿರುಗಿ ಹೇಳಿದ್ರಾ?

ಒಲೆಯಲ್ಲಿ ಸೌದೆ ಚಟ್ ಎಂದಿತು. ಇಬ್ಬರೂ ಬೆಚ್ಚಿದರು.

"ಹಾಗಾದ್ರೆ ನಾನು ತಿರುಗಿ ಹೇಳ್ತೀನಿ" ಎಂದ ಕೆಲೆಮೆನ್.

"ಬೇಡ. ತಿರುಗಿ ಹೇಳ್ದೋನು ಹೇಳಿದ ಹಾಗೆ ಮಾಡ್ಬೇಕಾಗುತ್ತೆ. ಮೇಲೆ ಬಾ ಅಂತಾನೆ ಅವನು. ಸತ್ತೋರ 'ಮೇಲೆ' ಎಲ್ಲಿದೆಯೋ ಯಾರಿಗ್ಗೊತ್ತು?"

"ಹೋದ್ರೆ ಏನಾಯ್ತು ಅಜ್ಜ?"

ಗಾಶ್ಪಾರ್ ಅವನ ಮುಖವನ್ನು ಬಹಳ ಹೊತ್ತು ನೋಡಿದ. "ನೀನು ಹೀಗಂತೀಯ ಅಂತಾನೇ ಹೆದ್ರಿದ್ದೆ. ಅದಕ್ಕೇ ಬೇಡ ಅಂದಿದ್ದು. ಮನೆಗೆ ಹೋಗೋ, ಮಾರಾಯ."

ಕೆಲೆಮೆನ್ ಹೋಗಲಿಲ್ಲ. ಅಜ್ಜನನ್ನು ಏಣಿ ಹತ್ತಿಸಿ ಕಳಿಸಿ, ಮುಚ್ಚಳ ಎಳೆದುಕೊಂಡು ಬಂದು ಕೂತ. ಆ ರಾತ್ರಿ ಗಾಳಿ ಇರಲಿಲ್ಲ. ನದಿಯೂ ಸದ್ದು ಮಾಡುತ್ತಿರಲಿಲ್ಲ. ಅವನು ಕೊಳವೆಯನ್ನೇ ನೋಡುತ್ತಾ ಕೂತಿದ್ದ. ಅಲ್ಲಿ ಇರುವುದು ಅವಳಲ್ಲ ಅಂದುಕೊಳ್ಳಲು ನೋಡಿದ. ಅಂದುಕೊಂಡರೆ ಇಷ್ಟು ರಾತ್ರಿಗಳಲ್ಲಿ ಕೇಳಿದ ಮಾತೆಲ್ಲ ಯಾರಿಗೂ ತಲುಪಲಿಲ್ಲ ಅಂತಾಗುತ್ತದೆ. ಅವಳು ಎಲ್ಲೂ ಇಲ್ಲ ಅಂತಾಗುತ್ತದೆ.

ಸೀಟಿ ಬಂತು.

ಬಿರಡೆ ತೆಗೆದ. ತೆರೆದ ಬಾಯಿಯನ್ನು ಮುಚ್ಚಿಕೊಂಡ. ಅದೇ ಮೊದಲ ಸಲ ಕೊಳವೆಗೆ ಕಿವಿ ಇಟ್ಟ.

ಹಿತ್ತಾಳೆ ಬೆಚ್ಚಗಿತ್ತು.

ದೂರದಿಂದ... ಬಹಳ ದೂರದಿಂದ... ಉಸಿರು. ಓಡಿ ದಣಿದವನ ಉಸಿರು. ಆಮೇಲೆ ಒಂದು ದನಿ. ಗಂಡು ದನಿ, ಇನ್ನೂ ಎಳೆಯದು, ಕೂಗಿ ಕೂಗಿ ಒಡೆದುಹೋದದ್ದು. ಮಾತು ಜರ್ಮನ್. ಆ ಕಾಲದಲ್ಲಿ ಹಡಗಿನ ಅಪ್ಪಣೆಗಳೆಲ್ಲ ಜರ್ಮನ್‌ನಲ್ಲೇ ಇರುತ್ತಿದ್ದವು. ಹೆಡ್ವಿಗ್ ಜರ್ಮನ್ ಮನೆತನದವಳು, ಅಡುಗೆಮನೆಯಲ್ಲಿ ಅದನ್ನೇ ಆಡುತ್ತಿದ್ದಳು. ಹಾಗಾಗಿ ಕೆಲೆಮೆನ್‌ಗೆ ತಿಳಿಯಿತು.

"ಎಲ್ಲರೂ ಮೇಲೆ ಬನ್ನಿ."

ಅವಳಲ್ಲ. ಖಂಡಿತ ಅವಳಲ್ಲ. ಕೆಲೆಮೆನ್ ಹಣೆಯನ್ನು ಗೋಡೆಯ ಕಬ್ಬಿಣಕ್ಕೆ ಆನಿಸಿದ. ಅಳು ಬಂತು. ಅವಳು ಸತ್ತ ಏಪ್ರಿಲ್‌ನಲ್ಲಿ ಬಾರದಿದ್ದದ್ದು. ಆ ದನಿ ಅಲ್ಲಿ ಕಾಯುತ್ತಲೇ ಇತ್ತು. ಉಸಿರು ಕೇಳಿಸುತ್ತಿತ್ತು. ತಿರುಗಿ ಮಾತು ಬಾರದಿದ್ದರೆ ಹೇಗಿರುತ್ತದೆ ಅನ್ನುವುದು ಕೆಲೆಮೆನ್‌ಗೆ ಗೊತ್ತಿತ್ತು.

ಕೊಳವೆಗೆ ಬಾಯಿಟ್ಟ. ಹೆಂಡತಿಯ ಹಳ್ಳಿಯ ಜರ್ಮನ್‌ನಲ್ಲಿ, ಅವಳು ಎಳೆಯುತ್ತಿದ್ದ ಹಾಗೇ ಎಳೆದು, ಹೇಳಿದ.

"ಎಲ್ಲರೂ ಮೇಲೆ ಬನ್ನಿ."

ಕೊಳವೆಯೊಳಗೆ ಒಂದು ನಿಟ್ಟುಸಿರು. ಮುಗಿಯಿತು. ಮತ್ತೆ ಏನೂ ಇಲ್ಲ.

ಆಮೇಲೆ ಅವನ ಬೆನ್ನ ಹಿಂದೆ ಏಣಿಯ ಮೊದಲ ಮೆಟ್ಟಿಲು ಠಣ್ ಎಂದಿತು.

ಅವನು ತಿರುಗಲಿಲ್ಲ. ಎರಡನೆಯದು... ಮೂರನೆಯದು. ಬರಿಗಾಲಿನ ಸದ್ದು, ಒದ್ದೆ ಕಾಲಿನದು. ಒಬ್ಬ ಹತ್ತಿ ಹೋದ. ಇನ್ನೊಬ್ಬ. ಅವಸರವಿಲ್ಲ, ನೂಕಾಟವಿಲ್ಲ. ಪಾಳಿ ಮುಗಿಸಿದವರು ಹತ್ತುವ ಹಾಗೆ. ಬಿಸಿ ಕಬ್ಬಿಣಕ್ಕೆ ನೀರು ಬಿದ್ದರೆ ಬರುವ ವಾಸನೆ ಪ್ರತಿಯೊಬ್ಬನ ಜೊತೆಗೂ ಅವನ ಪಕ್ಕದಿಂದಲೇ ಹೋಯಿತು. ಒಬ್ಬ ಕೆಮ್ಮಿದ. ಇನ್ನೊಬ್ಬ ಅವನ ತೋಳಿಗೆ ತಾಗಿದ. ತಾಗಿದವನು, "ಮಾಫ್ ಮಾಡಪ್ಪ" ಎಂದ ಹಾಗಿತ್ತು. ಇದನ್ನು ಮಾತ್ರ ಕೆಲೆಮೆನ್ ಆಣೆ ಮಾಡಿ ಹೇಳುವುದಿಲ್ಲ. ಉಳಿದದ್ದಕ್ಕೆಲ್ಲ ಮಾಡುತ್ತಾನೆ.

ಕೊನೆಯ ಕಾಲು ಏಣಿಯ ನಡುವೆ ನಿಂತಿತು. ಅವನಿಗಾಗಿ ಕಾದಿತು.

ತಿರುಗಿ ಹೇಳಿದವನು ಹೇಳಿದ ಹಾಗೆ ಮಾಡಬೇಕು. ಕೆಲೆಮೆನ್ ಏಣಿ ಹಿಡಿದ. ಮೆಟ್ಟಿಲುಗಳು ಒದ್ದೆಯಾಗಿದ್ದವು, ಬಿಸಿಯಾಗಿದ್ದವು. ತಾನೇ ಎಳೆದುಕೊಂಡಿದ್ದ ಮುಚ್ಚಳ ತೆರೆದಿತ್ತು. ತಲೆ ಹೊರಗೆ ಹಾಕಿದ. ಹಡಗಿನ ಮೇಲೆ ಹಿಮ, ಅದರ ಮೇಲೆ ಬೆಳದಿಂಗಳು. ಯಾರೂ ಇಲ್ಲ. ಆದರೆ ಹಲಗೆಗಳ ಮೇಲೆ ಕಾಣದ ಕಾಲುಗಳು ನಡೆಯುತ್ತಿದ್ದವು. ಗೋಪುರವಿದ್ದ ಜಾಗ ದಾಟಿ, ನದಿಯ ಕಡೆಯ ಅಂಚಿಗೆ. ಅಂಚು ಮುಟ್ಟಿ ನಿಲ್ಲುತ್ತವೆ ಎಂದು ಅವನು ಕಾದ. ನಿಲ್ಲಲಿಲ್ಲ. ನೀರಿಗೆ ಬಿದ್ದ ಸದ್ದೂ ಬರಲಿಲ್ಲ. ಅದೇ ನಡಿಗೆಯಲ್ಲಿ ದೂರ ದೂರ ಹೋಗುತ್ತಾ ಇದ್ದವು...

ಅವನೂ ಎರಡು ಹೆಜ್ಜೆ ಆ ಕಡೆ ಇಟ್ಟ. ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಅಲ್ಲಿಂದ ನದಿ ಬೆಳ್ಳಗೆ ಕಾಣಿಸುತ್ತಿತ್ತು, ನಡೆಯಬಹುದು ಅನ್ನುವ ಹಾಗೆ.

ಆಮೇಲೆ ಅನ್ನಿಸಿತಂತೆ. ಅಪ್ಪಣೆ ಇದ್ದದ್ದು ಮೇಲೆ ಬರುವುದಕ್ಕೆ ಮಾತ್ರ. ಬಂದಾಯಿತು. ಪಾಳಿ ಮುಗಿದವನು ಹಡಗಿನಲ್ಲಿ ನಿಲ್ಲುವುದಿಲ್ಲ, ಮನೆಗೆ ಹೋಗುತ್ತಾನೆ. ಅವರವರ ಮನೆ ಯಾವ ಕಡೆಗೋ ಆ ಕಡೆಗೆ.

ಅವನ ಮನೆ ದಡದ ಕಡೆಗಿತ್ತು.

ದಡಕ್ಕೆ ಹಾಕಿದ್ದ ಹಲಗೆಯ ಮೇಲೆ ಇಳಿದ. ದಂಡೆ ಹತ್ತಿದ. ಬಾಗಿಲಿನ ಚಿಲಕ ಹೆಪ್ಪುಗಟ್ಟಿತ್ತು, ಉಸಿರು ಊದಿ ಊದಿ ಬಿಡಿಸಿದ. ಒಳಗೆ ಹೆಡ್ವಿಗ್‌ಳ ಅಡುಗೆಯ ಏಪ್ರನ್ ಗೂಟದಲ್ಲೇ ನೇತಾಡುತ್ತಿತ್ತು. ಅದರ ಕಡೆ ನೋಡಿಯೇ ಒಲೆ ಹಚ್ಚಿದ. ತಿಂಗಳುಗಟ್ಟಲೆ ಉರಿಯದ ಒಲೆ, ಮನೆಯ ತುಂಬ ಹೊಗೆ ಕಾರಿತು. ಎದುರುಮನೆಯ ಕಿಟಕಿ ಧಡ್ ಎಂದು ತೆರೆಯಿತು.

"ಬೆಂಕಿ ಬಿತ್ತೇನೋ?" ಎಂದು ಓರ್ಶೊಲ್ಯಾ ಕೂಗಿದಳು.

"ಇಲ್ಲ ಕಣೆ. ನಾನು ಬಂದಿದೀನಿ."

ಅವಳು ಕಿಟಕಿಯಿಂದ ಹೊರಗೆ ಬಾಗಿ ಹೊಗೆ ನೋಡಿದಳು.

"ಹಾಗಾದ್ರೆ ಕಿಟಕಿ ತೆಗೀ ಮಾರಾಯ, ಉಸಿರು ಕಟ್ಟಿ ಸಾಯ್ತೀಯ" ಎಂದಳು. ದನಿ ಒಂಥರಾ ಇತ್ತು. ಅವಳ ದೀಪ ಬೆಳಗಿನವರೆಗೂ ಉರಿಯುತ್ತಿತ್ತು.

ಸೀಟಿ ಮತ್ತೆ ಕೇಳಿಸಲಿಲ್ಲ. ಕೆಲೆಮೆನ್ ಆಮೇಲೆ ಹಗಲು ಹೋಗಿ ಪಂಪು ನೋಡಿಕೊಂಡು ರಾತ್ರಿ ಮನೆಗೆ ಬರುತ್ತಿದ್ದ. ಒಂಟಿತನ ಹೋಯಿತು ಅಂತ ನಾನು ಹೇಳುವುದಿಲ್ಲ. ಅದು ಹೋಗುವಂಥದಲ್ಲ. ದೀಪ ಹಚ್ಚಿಟ್ಟುಕೊಂಡು ಅದರ ಜೊತೆ ಇರುತ್ತಿದ್ದ, ಅಷ್ಟೆ.

ನಂಬದಿದ್ದರೆ ಬಿಡಿ, ಬೇಜಾರಿಲ್ಲ. ಆದರೆ ಆ ರಾತ್ರಿ ಕಳೆದ ಬೆಳಿಗ್ಗೆ ಕಂಡದ್ದನ್ನು ರೇವಿನಲ್ಲಿದ್ದವರೆಲ್ಲ ನೋಡಿದ್ದಾರೆ. ನಾನೂ ನೋಡಿದೆ. ಹಡಗಿನಿಂದ ಯಾರೂ ಒಂದು ಮೊಳೆಯನ್ನೂ ಇಳಿಸಿರಲಿಲ್ಲ. ನದಿ ಏರಿರಲಿಲ್ಲ, ಇಳಿದಿರಲಿಲ್ಲ, ಅಳತೆಯ ಕಂಬದಲ್ಲಿ ನೀರು ಹಿಂದಿನ ಗುರುತಿನಲ್ಲೇ ಇತ್ತು. ಆದರೂ ತಾರ್ನಾ, ಭಾರ ಇಳಿದ ಹಾಗೆ, ನೀರಿನಿಂದ ಒಂದು ಗೇಣು ಮೇಲೆದ್ದು ನಿಂತಿತ್ತು. ಅದರ ಮೈಸುತ್ತ ಗೇಣಗಲದ ಹಸಿರು ಪಾಚಿಯ ಪಟ್ಟಿ, ಗಾಳಿಯನ್ನೇ ಕಾಣದಿದ್ದದ್ದು, ಬಿಸಿಲಿಗೆ ಒಣಗುತ್ತಿತ್ತು.