ಅಕ್ಕನ ತಲೆಸುತ್ತು

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಬಟ್ಟೆ ಕಾರ್ಖಾನೆಯ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯವಳ ಮಡಿಲಲ್ಲಿ ನಿವೃತ್ತಿಗೆ ಕೊಟ್ಟ ಹೂಗುಚ್ಛವಿತ್ತು.

“ನಾಳೆಯಿಂದ ನಿಮ್ಮ ಕಟಿಂಗ್ ಮೇಜು ನಂದು ಅಂದ್ರೆ ನಂಬೋಕೇ ಆಗ್ತಿಲ್ಲ, ಅಕ್ಕ. ಗುಂಡಿ ಹೊಲಿಯೋದೇ ನನ್ನ ಹಣೇಲಿ ಬರೆದಿರೋದು ಅಂದ್ಕೊಂಡಿದ್ದೆ.”

“ಕತ್ತರಿ ಕಂಡ್ರೆ ನಡುಗ್ತಿದ್ಯಲ್ಲೇ!”

“ಅವತ್ತು ನೀವು ತಲೆಸುತ್ತು ಅಂತ ಗೋದಾಮಿಗೆ ಹೋಗಿ ಮಲಗದೆ ಇದ್ದಿದ್ರೆ, ನಾನು ಮುಟ್ತಾನೇ ಇರ್ಲಿಲ್ಲ.”

“ಮಲಗಿದ್ದೆಲ್ಲಿ? ಬಾಗಿಲ ಸಂದೀಲಿ ನಿಂತು ನಿನ್ನನ್ನೇ ನೋಡ್ತಿದ್ದೆ.”

“ಅಯ್ಯೋ ನಿಮ್ಮ ನಾಟಕಾನೇ! ಅಷ್ಟು ಬಟ್ಟೆ ಕೆಟ್ಟಿದ್ರೆ?”

“ನಾನೇ ಕೆಡಿಸಿದೆ ಅಂತಿದ್ದೆ. ಮುದುಕೀನ ಯಾರು ಬೈತಾರೆ?”

ಕಿರಿಯವಳು ಕಣ್ಣೊರೆಸಿಕೊಂಡಳು.

“ಈ ಋಣ ಹೇಗೆ ತೀರಿಸ್ಲಿ, ಅಕ್ಕ?”

“ಇನ್ಮೇಲೆ ಆ ಸಂದೀಲಿ ನೀನು ನಿಂತ್ಕೋ. ಏಳು, ಬಸ್ ಬಂತು.”

ಇಬ್ಬರೂ ಹತ್ತಿ ಹೋದರು. ನನ್ನ ಬಸ್ಸೂ ಅದೇ, ಹತ್ತುವುದನ್ನೇ ಮರೆತಿದ್ದೆ.