ಸೊಪ್ಪು ಸೊಸೆಗೆ, ಮುದ್ದೆ ಅತ್ತೆಗೆ

ಬೆಳಿಗ್ಗೆ ಸೂಲಿಬೆಲೆ ಆಸ್ಪತ್ರೆ ಮುಂದೆ ಬಸ್ಸು ಕಾಯುತ್ತಿದ್ದ ಪಾಪಯ್ಯನ ಪಕ್ಕ ಅತ್ತೆ, ಸೊಸೆ ಒಂದೇ ಕೊಡೆಯಡಿ ನಿಂತಿದ್ದರು.

“ಹಿಪ್ಪುನೇರಳೆ ತೋಟದಲ್ಲೇ ನನ್ನ ತಲೆ ನರೀತು. ಈಗ ಮುಖಕ್ಕೆ ಬಿಸಿಲೇ ಬೀಳಬಾರದು ಅಂತಾರೆ ಡಾಕ್ಟ್ರು!” ಅಂದಳು ಅತ್ತೆ.

“ನಂಗೆ ಬಿಸಿಲೇ ಸಾಲ್ದಂತೆ ಅತ್ತೆ. ದಿನವೆಲ್ಲ ಫ್ಯಾಕ್ಟರಿ ಒಳಗಿದ್ದು ಮೂಳೆ ನೋವು ಬಂದಿರೋದಂತೆ. ಎಳೆಬಿಸಿಲು ಬೇಕಂತೆ.”

“ಹಂಗಾದ್ರೆ ಡ್ಯೂಟಿಗೆ ಮುಂಚೆ ರೇಷ್ಮೆಹುಳಕ್ಕೆ ಸೊಪ್ಪು ನೀನು ಕುಯ್ಯಿ. ಮುದ್ದೆ ನಾನು ತಿರುವ್ತೀನಿ.”

“ನಿಮ್ಮ ಮುದ್ದೆ ಬರೀ ಗಂಟು ಅಂತ ಮಾವ ಬಯ್ತಾರಲ್ಲ?”

“ನೀನು ಕುಯ್ದಿದ್ದನ್ನ ಹುಳ ತಿನ್ನಲ್ವಾ? ಹಂಗೇ ನಿಮ್ಮಾವನೂ ತಿಂತಾರೆ ಬಿಡು.”

ಪಾಪಯ್ಯ ನಗು ತಡೆಯಲಾರದೆ ಅತ್ತ ತಿರುಗಿದ. ಅಷ್ಟರಲ್ಲಿ ಬಸ್ಸು ಬಂತು.

“ಕಿಟಕಿ ಪಕ್ಕ ಕೂತ್ಕೊಳ್ಳಿ ಅತ್ತೆ. ಯಾವತ್ತೂ ನಿಮ್ಮ ಜಾಗ ತಾನೇ?”

ಅತ್ತೆ ಕೊಡೆ ಮಡಚಿದಳು.

“ಅಲ್ಲಿ ಬಿಸಿಲು ಬೀಳ್ತದೆ, ನೀನು ಕೂತ್ಕೋ. ನಿನ್ನ ಮರೆಯಲ್ಲಿ ನಾನಿರ್ತೀನಿ.”